ಚಕ್ರದ ಮೇಲಿನ ಕೈ

ಬಟ್ಟೆಯಲ್ಲಿ ಜೀವವಿಲ್ಲದಿದ್ದರೆ ಅಮ್ಮ ಅದನ್ನು ಹೊಲಿಯುವುದಿಲ್ಲ. ದುಡ್ಡು ಹೆಚ್ಚು ಕೊಡುತ್ತೇನೆಂದರೂ ಇಲ್ಲ, ಗೋಗರೆದರೂ ಇಲ್ಲ. ತಂದ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ, "ಇದು ಇನ್ನೊಂದು ಹೊಲಿಗೆ ತಡ್ಕೊಳಲ್ಲ, ಸುಮ್ನೆ ನನಗ್ಯಾಕೆ ದುಡ್ಡು ಕೊಡ್ತೀರಿ" ಎಂದು ಮಡಚಿ ವಾಪಸು ಕೊಡುತ್ತಾಳೆ. ಬಾಯಲ್ಲಿ ಯಾವಾಗಲೂ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಹಲ್ಲಿನ ಸಂದಿಯಿಂದ ಬರುತ್ತದೆ, ಹೊಸಬರಿಗೆ ಬೈದಂತೆ ಕೇಳಿಸುತ್ತದೆ. ಕೆಲವರು ಮುಖ ಊದಿಸಿಕೊಂಡು ಹೋಗುತ್ತಾರೆ. ಮುಂದಿನ ತಿಂಗಳು ಹೊಸ ಪ್ಯಾಂಟು ಹಿಡಿದುಕೊಂಡು ಅವರೇ ಬರುತ್ತಾರೆ.

ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಗೆ ತೆರೆದ ಕಿಟಕಿ, ಅದರ ಕೆಳಗೆ ಕಾಲಿನಿಂದ ತುಳಿಯುವ ಹಳೆಯ ಮಿಷನ್, ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ ಕತ್ತರಿ, ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿಗಳು. ಹೊಸ ಬಟ್ಟೆ ಹೊಲಿಯುವುದು ಅವಳ ಕೆಲಸವಲ್ಲ. ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಾಯಿಸುವುದು, ಹರಿದದ್ದನ್ನು ಹರಿದಿಲ್ಲವೆಂಬಂತೆ ಮಾಡುವುದು. ಬೀದಿಯವರು ಅವಳನ್ನು ಸೂಜಿಯಮ್ಮ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಹೀಗೆ ನಿಜ ಹೇಳಿ ಹೇಳಿ, ಬಟ್ಟೆಯ ವಿಷಯ ಬಿಟ್ಟು ಬೇರೆ ವಿಷಯಕ್ಕೂ ಜನ ಅವಳನ್ನು ಕೇಳುವ ಹಾಗಾಗಿದೆ. ಯಾವ ಡಾಕ್ಟರು ಸುಮ್ಮಸುಮ್ಮನೆ ಪರೀಕ್ಷೆ ಬರೆಯುವುದಿಲ್ಲ, ಯಾವ ನಲ್ಲಿಯವನು ಹೇಳಿದ ದಿನ ಬರುತ್ತಾನೆ, ಎಲ್ಲಕ್ಕೂ ಅವಳೇ. ಸೂಜಿಯಮ್ಮ ಹೂಂ ಅಂದರೆ ಮುಗಿಯಿತು, ಆಮೇಲೆ ಬೀದಿಯಲ್ಲಿ ಎರಡು ಮಾತಿಲ್ಲ.

ಅವಳಿಗೆ ಇರುವ ಆಸ್ತಿ ಅದೊಂದೇ. ಅದನ್ನು ನಾನು ಹಾಳು ಮಾಡಿದೆ. ಹೇಗೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಒಂದು ವಿಮಾನ ಕಂಪನಿಯಲ್ಲಿ ಮಾತು ಬರೆಯುವವನು. ನೀವು ಫೋನಿನಲ್ಲಿ ಟಿಕೆಟ್ ತೆಗೆಯುವಾಗ, ಹೆಸರು ತುಂಬಿ, ಸೀಟು ಆರಿಸಿ, ಇನ್ನೇನು ದುಡ್ಡು ಕಟ್ಟಬೇಕು ಅನ್ನುವಷ್ಟರಲ್ಲಿ ಪ್ರಯಾಣ ವಿಮೆ ಬೇಕೇ ಎಂದು ಒಂದು ಚೌಕ ಅಡ್ಡ ಬರುತ್ತದಲ್ಲ, ಅದರೊಳಗಿನ ನಾಲ್ಕು ಮಾತು ನನ್ನದು. ಕೆಲಸಕ್ಕೆ ಸೇರಿದ ಮೊದಲ ದಿನ ಮ್ಯಾನೇಜರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವ್ಯಾಪಾರದ ಗುಟ್ಟು ಹೇಳಿಕೊಟ್ಟರು.

"ಸೀಟು ಮಾರಿ ನಮಗೆ ಉಳಿಯೋದು ಅಷ್ಟಕ್ಕಷ್ಟೇ ಕಣಯ್ಯ. ಇಂಧನಕ್ಕೆ ಹೋಯ್ತು, ನಿಲ್ದಾಣದ ಬಾಡಿಗೆಗೆ ಹೋಯ್ತು, ಕೈಗೆ ಬರೋದು ಚಿಲ್ಲರೆ. ಆದ್ರೆ ಜನ ದುಡ್ಡು ಕಟ್ಟೋಕೆ ಅಂತ ಕಾರ್ಡ್ ಹಿಡ್ಕೊಂಡು ಕೂತಿರ್ತಾರಲ್ಲ, ಆ ಎರಡು ನಿಮಿಷ ಇದೆಯಲ್ಲ, ಅದು ಚಿನ್ನ. ಅಲ್ಲಿ ವಿಮೆ ಮಾರು. ನಮ್ಮ ಹೆಸರಿರೋ ಕ್ರೆಡಿಟ್ ಕಾರ್ಡ್ ಮಾರು. ಕಂತಲ್ಲಿ ಕಟ್ಟಿ ಅನ್ನು. ದರ ಮೂರು ದಿನ ಏರದ ಹಾಗೆ ಹಿಡಿದಿಡ್ತೀವಿ ಅಂತ ಅದಕ್ಕೊಂದು ಶುಲ್ಕ ತಗೋ. ವಿಮೆ ಕಂಪನಿ ಬೇರೆಯವರದು, ಬ್ಯಾಂಕು ಬೇರೆಯವರದು. ಪುಟ ಮಾತ್ರ ನಮ್ದು. ಒಬ್ಬೊಬ್ಬ ಒತ್ತಿದಾಗ್ಲೂ ನಮಗೊಂದು ಪಾಲು."

"ಆಮೇಲೆ ಅವರಿಗೆ ಏನಾದ್ರೂ ತೊಂದ್ರೆ ಆದ್ರೆ, ಸರ್?"

"ಅದು ವಿಮೆಯವರ ತಲೆನೋವು. ನಿನ್ನ ಕೆಲಸ ಒತ್ತಿಸೋದು."

ಒತ್ತಿಸುವುದರಲ್ಲಿ ನಾನು ಬೇಗ ಪಳಗಿದೆ. ನಮ್ಮಲ್ಲಿ ಒಂದು ಪದ್ಧತಿಯಿತ್ತು. ಎರಡು ಸಾಲು ಬರೆದು, ಅರ್ಧ ಜನರಿಗೆ ಒಂದು, ಉಳಿದ ಅರ್ಧಕ್ಕೆ ಇನ್ನೊಂದು ತೋರಿಸುವುದು. ಯಾವುದಕ್ಕೆ ಹೆಚ್ಚು ಜನ ಒತ್ತಿದರೋ ಅದು ಗೆದ್ದಿತು, ಸೋತದ್ದು ಕಸಕ್ಕೆ. ಸಾಲು ಮೇಲಿಂದ ಮೇಲೆ ಸೋತರೆ ಬರೆದವನೂ ಕಸಕ್ಕೆ. ಹಾಗಾಗಿ ಕಚೇರಿಗೆ ಒಯ್ಯುವ ಮೊದಲೇ ಸಾಲಿನ ಕಸುವು ತಿಳಿಯಲು ನಾನೊಂದು ದಾರಿ ಕಂಡುಕೊಂಡೆ. ಸಂಜೆ ಅಮ್ಮ ಮಿಷನ್ ತುಳಿಯುತ್ತಿದ್ದಾಗ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತು ಒಂದೊಂದೇ ಸಾಲು ಓದುತ್ತಿದ್ದೆ.

ಮಿಷನ್ ತುಳಿಯುವವರ ಬಲಗೈ ಚಕ್ರದ ಮೇಲಿರುತ್ತದೆ. ಶುರು ಮಾಡಲು ಒಂದು ಸಣ್ಣ ನೂಕು, ನಿಲ್ಲಿಸಲು ಅಂಗೈಯ ಒಂದು ಒತ್ತು. ಅಮ್ಮನ ಮುಖ ನೋಡಿ ಏನೂ ತಿಳಿಯುವುದಿಲ್ಲ, ಸೂಜಿಗಳು ಅದನ್ನು ಬಿಗಿ ಹಿಡಿದಿರುತ್ತವೆ. ಆದರೆ ಯಾವುದಾದರೂ ಮಾತು ಎದೆಗೆ ತಾಗಿದರೆ ಆ ಕೈ ಚಕ್ರವನ್ನು ನಿಲ್ಲಿಸಿಬಿಡುತ್ತದೆ, ಅವಳಿಗೆ ಗೊತ್ತಿಲ್ಲದೆಯೇ. ನಾನು ನೋಡುತ್ತಿದ್ದದ್ದು ಆ ಕೈಯನ್ನು.

"ಏನಪ್ಪಾ ಇದೆಲ್ಲಾ?" ಎಂದು ಮೊದಲ ಸಲ ಕೇಳಿದ್ದಳು.

"ಪ್ರಯಾಣ ಮಾಡೋರಿಗೆ ಹೇಳೋ ಮಾತು ಅಮ್ಮ. ಅವರ ಒಳ್ಳೇದಕ್ಕೆ."

ಅಷ್ಟು ಸಾಕಾಗಿತ್ತು ಅವಳಿಗೆ. ಮಗ ಜನರಿಗೆ ಒಳ್ಳೆಯದನ್ನು ಹೇಳುವ ಕೆಲಸದಲ್ಲಿದ್ದಾನೆ ಎಂದುಕೊಂಡಳು.

"ಪ್ರಯಾಣ ವಿಮೆ ಸೇರಿಸಿ" ಎಂದು ಓದಿದೆ. ಚಕ್ರ ತಿರುಗುತ್ತಲೇ ಇತ್ತು. "ಕಡಿಮೆ ಬೆಲೆಗೆ ನೆಮ್ಮದಿ" ಎಂದು ಓದಿದೆ. ತಿರುಗುತ್ತಲೇ, "ಎಲ್ಲಿ ಸಿಗುತ್ತಪ್ಪಾ ಅದು, ನನಗೂ ಎರಡು ಮೀಟರ್ ತಂದ್ಕೊಡು" ಎಂದಳು. ನಾನು ನಕ್ಕೆ. ಆಮೇಲೆ ಬೇಡವೆನ್ನುವವರು ಒತ್ತಬೇಕಾದ ಗುಂಡಿಯ ಮಾತನ್ನು ಓದಿದೆ. "ಬೇಡ, ನನಗೇನಾದರೂ ಆದರೆ ಮನೆಯವರು ನೋಡಿಕೊಳ್ಳಲಿ."

ಚಕ್ರ ನಿಂತಿತು.

ಅಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಳು. "ಅದನ್ನ ಒತ್ತೋಕೆ ಯಾರಿಗಾದ್ರೂ ಕೈ ಬರುತ್ತಾ?" ಎಂದಳು.

ಅವಳ ಕೈ ಯಾಕೆ ನಿಂತಿತೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಈ ಬರಹಕ್ಕೂ ಆ ಚೌಕಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಗೊತ್ತಿತ್ತು. ಅಪ್ಪ ಪಂಪಿನ ಬಿಡಿಭಾಗ ಮಾರಲು ಊರೂರು ತಿರುಗುತ್ತಿದ್ದವರು. ನನಗೆ ಹನ್ನೊಂದು ವರ್ಷವಾಗಿದ್ದಾಗ ದೂರದ ಒಂದು ಊರಿನ ಲಾಡ್ಜಿನಲ್ಲಿ ಬೆಳಿಗ್ಗೆ ಏಳಲೇ ಇಲ್ಲ. ಸುದ್ದಿ ಬಂದಾಗ ಅಮ್ಮ ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು, ಹಾಗೇ ಎದ್ದು ಬಸ್ಸು ಹತ್ತಿದಳು. ಮೂರನೆಯ ದಿನ ಅಪ್ಪನನ್ನು ಕರೆತಂದಾಗಲೂ ಅಳತೆ ಟೇಪು ಅವಳ ಕೊರಳಲ್ಲೇ ಇತ್ತು. ಆ ಮೂರು ದಿನ ಯಾರ ಮುಂದೆ ಕೈಕಟ್ಟಿ ನಿಂತಳು, ಏನೇನು ಕೇಳಬೇಕಾಯಿತು, ಇವತ್ತಿಗೂ ಹೇಳಿಲ್ಲ. ಆ ಸಾಲು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಟೇಪು. ಇದು ತಾಗದೆ ಇರುವುದಿಲ್ಲ ಎಂದು ಲೆಕ್ಕ ಹಾಕಿಯೇ ಬರೆದಿದ್ದೆ.

ಸಾಲು ಗೆದ್ದಿತು. ಅಂತಿಂಥ ಗೆಲುವಲ್ಲ, ಮ್ಯಾನೇಜರ್ ಕುರ್ಚಿಯಿಂದ ಎದ್ದು ಬಂದು ಬೆನ್ನು ತಟ್ಟಿದರು. ಬೇಡವೆನ್ನುವವರು ಅರ್ಧಕ್ಕರ್ಧ ಕಡಿಮೆಯಾದರು. ವರ್ಷದ ಕೊನೆಗೆ ನನಗೊಂದು ಗಾಜಿನ ಫಲಕ, ಜೊತೆಗೆ ಬಹುಮಾನ. ಅದರಲ್ಲಿ ಅಮ್ಮನಿಗೆ ಕತ್ತು ಬಾಗುವ ಒಂದು ದೀಪ ತಂದೆ, ಮಿಷನ್ನಿಗೆ ಸಿಕ್ಕಿಸುವಂಥದ್ದು. ಬಂದವರಿಗೆಲ್ಲ ಅದನ್ನು ಹಚ್ಚಿ ಆರಿಸಿ ತೋರಿಸಿದಳು. "ನಮ್ಮ ಹುಡುಗನಿಗೆ ಆಫೀಸಲ್ಲಿ ಕೊಟ್ರು. ಒಂದು ಮಾತು ಬರೆದಿದ್ದಕ್ಕೆ. ಒಂದೇ ಮಾತು." ಆ ಮಾತು ಯಾವುದೆಂದು ಬಾಯಿಪಾಠ ಒಪ್ಪಿಸುತ್ತಿದ್ದಳು ಕೂಡ. ನಾನು ಒಳಗೆ ಕೂತು ಉಬ್ಬುತ್ತಿದ್ದೆ.

ನಮ್ಮ ಮಹಡಿಯ ಮೇಲೆ ಒಬ್ಬರು ಟೀಚರ್ ಇದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು, ಮದುವೆಯಾಗಿಲ್ಲ, ತಮ್ಮವರು ಅಂತ ಇದ್ದದ್ದು ದೂರ ದೇಶದಲ್ಲಿದ್ದ ಒಬ್ಬ ಅಕ್ಕ. ಟೀಚರಿಗೆ ಉಬ್ಬಸ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತು, ಕೈಚೀಲದಿಂದ ಔಷಧಿಯ ಪಂಪು ತೆಗೆದು ಬಾಯಿಗಿಟ್ಟು ಎಳೆದುಕೊಂಡು ಮುಂದೆ ಹೋಗುತ್ತಾರೆ. ಆ ಸದ್ದು ಇಡೀ ಬೀದಿಗೆ ಗೊತ್ತು.

ಆ ಅಕ್ಕನಿಗೆ ಕಾಯಿಲೆ ಜೋರಾಯಿತು, ಬಂದು ನೋಡಿ ಹೋಗು ಎಂದು ಸುದ್ದಿ ಬಂತು. ಟೀಚರ್ ಪಿಂಚಣಿಯಲ್ಲಿ ಉಳಿಸಿದ್ದನ್ನೆಲ್ಲ ಕೂಡಿಸಿ ಹೊರಡಲು ಸಿದ್ಧರಾದರು. ಅಲ್ಲಿ ಚಳಿಯಂತೆ. ಹಳೆಯ ಉದ್ದ ಕೋಟಿನ ಜಿಪ್ಪು ಕೆಟ್ಟಿತ್ತು, ಅದನ್ನು ತಂದು ಅಮ್ಮನ ಮುಂದಿಟ್ಟು, ಅವಳು ಜಿಪ್ಪು ಬಿಚ್ಚುವಷ್ಟರಲ್ಲಿ ಅಲ್ಲೇ ಕೂತು ಫೋನಿನಲ್ಲಿ ಟಿಕೆಟ್ ತೆಗೆಯತೊಡಗಿದರು. ನಮ್ಮ ಕಂಪನಿಯದೇ ವಿಮಾನ. ಭಾನುವಾರವಾದ್ದರಿಂದ ನಾನು ಒಳಗಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದೆ, ಬಾಗಿಲು ತೆರೆದೇ ಇತ್ತು.

"ಇದೇನೋ ಕೇಳ್ತಾ ಇದೆ ನೋಡಿ" ಎಂದರು ಟೀಚರ್. "ಬೇಡ, ನನಗೇನಾದರೂ ಆದರೆ ಮನೆಯವರು ನೋಡಿಕೊಳ್ಳಲಿ ಅಂತೆ. ನನಗೆಲ್ಲಿಯ ಮನೆಯವರು? ಇದನ್ನೇ ಒತ್ತಿಬಿಡ್ತೀನಿ."

"ಅಯ್ಯೋ, ಒತ್ಬೇಡಿ" ಎಂದಳು ಅಮ್ಮ. "ಅದು ನಮ್ಮ ಹುಡುಗ ಬರೆದಿದ್ದು. ಮೇಲಿನದ್ದು, ಬೇಕು ಅನ್ನೋದನ್ನ ಒತ್ತಿ. ಅವನು ಜನಕ್ಕೆ ಕೆಟ್ಟದ್ದಾಗ್ಲಿ ಅಂತ ಬರೆಯಲ್ಲ. ಆಮೇಲೆ ಮನೆಯವರಿಲ್ಲ ಅಂತೆಲ್ಲಾ ಯಾಕಂತೀರಿ, ನಾನಿಲ್ವಾ?"

"ನೀವು ಹೇಳಿದ ಮೇಲೆ ಮುಗೀತು" ಎಂದು ಟೀಚರ್ ಮೇಲಿನದ್ದನ್ನು ಒತ್ತಿದರು.

ನಾನು ಅನ್ನ ಕಲಸುತ್ತಾ ಎಲ್ಲ ಕೇಳಿಸಿಕೊಂಡೆ. ಎದ್ದು ಹೋಗಿ, ಟೀಚರ್, ನಿಮಗೆ ಉಬ್ಬಸ ಇದೆ, ಅದಕ್ಕೆ ಈ ವಿಮೆ ಒದಗುತ್ತೋ ಇಲ್ಲವೋ ಒಮ್ಮೆ ನೋಡೋಣ ಎನ್ನಬಹುದಿತ್ತು. ಹೊಳೆಯಲೇ ಇಲ್ಲ. ಹೊಳೆದದ್ದು ಏನೆಂದರೆ, ನನ್ನ ಸಾಲು ನನ್ನ ಕಣ್ಣೆದುರೇ ಕೆಲಸ ಮಾಡಿತಲ್ಲ ಎಂಬುದು. ಇನ್ನೊಂದು ತುತ್ತು ಹೆಚ್ಚಾಗಿಯೇ ಉಂಡೆ.

ಹೊರಡಲು ಐದು ದಿನವಿರುವಾಗ ಟೀಚರಿಗೆ ಉಬ್ಬಸ ಕೆರಳಿತು. ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಈಗ ವಿಮಾನ ಹತ್ತುವ ಮಾತೇ ಬೇಡ ಎಂದರು. ಟೀಚರ್ ಧೈರ್ಯವಾಗಿಯೇ ಇದ್ದರು. ಆ ಟಿಕೆಟ್ ಹೋದರೆ ಹೋಗಲಿ, ವಿಮೆ ಇದೆಯಲ್ಲ, ಅವರು ಕೊಟ್ಟ ಕೂಡಲೇ ಇನ್ನೊಂದು ತೆಗೆದು ಹೋಗುತ್ತೇನೆ ಎಂದು ನರ್ಸಿಗೂ ಹೇಳಿದರು. ಹುಷಾರಾಗಿ ಮನೆಗೆ ಬಂದವರೇ ವಿಮೆಯವರಿಗೆ ಬರೆದರು. ಅವರು ಒಂದು ಕಾಗದ ಕೇಳಿದರು, ಟೀಚರ್ ಕಳಿಸಿದರು. ಇನ್ನೊಂದು ಕೇಳಿದರು, ಅದನ್ನೂ ಕಳಿಸಿದರು. ಹೀಗೆ ಆರು ವಾರ ಕಳೆಯಿತು. ಆರನೆಯ ವಾರದ ಮಂಗಳವಾರ ಅಕ್ಕ ತೀರಿಕೊಂಡ ಸುದ್ದಿ ಬಂತು. ವಿಮೆಯವರ ಉತ್ತರ ಬಂದದ್ದು ಶುಕ್ರವಾರ.

ಆ ಉತ್ತರವನ್ನು ಟೀಚರ್ ಮುದ್ರಿಸಿ ತಂದು ಅಮ್ಮನ ಕೈಗೆ ಕೊಟ್ಟರಂತೆ. "ನಿಮ್ಮ ಹುಡುಗನಿಗೆ ತೋರಿಸಿ, ನಮಗೇನಾದ್ರೂ ತಪ್ಪು ಅರ್ಥ ಆಗಿದೆಯೋ ಏನೋ" ಎಂದಷ್ಟೇ ಹೇಳಿ ಮೇಲೆ ಹೋದರಂತೆ. ನಾನು ಕಚೇರಿಯಿಂದ ಬಂದಾಗ ಅಮ್ಮ ಮಿಷನ್ ಮುಂದೆ ಕೂತಿದ್ದಳು. ದೀಪ ಹಚ್ಚಿರಲಿಲ್ಲ. ಹೊಲಿದು ಹೊಲಿದು ಅವಳ ಕಣ್ಣಿಗೆ ಸಣ್ಣಕ್ಷರ ಹತ್ತುವುದಿಲ್ಲ.

"ಓದು" ಎಂದಳು.

ಓದಿದೆ. ಪ್ರಯಾಣಕ್ಕೆ ಮೊದಲೇ ಇದ್ದ ಕಾಯಿಲೆಯಿಂದಾದ ನಷ್ಟಕ್ಕೆ ಈ ವಿಮೆ ಅನ್ವಯಿಸುವುದಿಲ್ಲ, ನಿಯಮಗಳ ಹತ್ತೊಂಬತ್ತನೆಯ ಪುಟ ನೋಡಿ, ಎಂದಿತ್ತು. ಆ ಹತ್ತೊಂಬತ್ತನೆಯ ಪುಟವನ್ನು ನಾನೂ ಅದುವರೆಗೆ ನೋಡಿರಲಿಲ್ಲ. ಅದು ನನ್ನ ಕೆಲಸವಾಗಿರಲಿಲ್ಲ.

"ಅಂದ್ರೆ ಕೊಡಲ್ಲ."

"ಕೊಡಲ್ಲ ಅಮ್ಮ."

"ಉಬ್ಬಸ ಇರೋರು ಅದನ್ನ ತಗೊಂಡ್ರೆ ಪ್ರಯೋಜನ ಇಲ್ಲ ಅಂತ ಆ ಚೌಕದಲ್ಲಿ ಯಾಕೆ ಬರೀಲಿಲ್ಲ ನೀನು?"

"ಅಷ್ಟೆಲ್ಲಾ ಬರೆಯೋಕೆ ಅಲ್ಲಿ ಜಾಗ ಇರಲ್ಲ."

"ಮನೆಯವರು ನೋಡಿಕೊಳ್ಳಲಿ ಅಂತ ಬರೆಯೋಕೆ ಜಾಗ ಇತ್ತಲ್ಲ."

ನಾನು ಕಾಗದವನ್ನು ಮಡಚಿದೆ. ಅಮ್ಮ ಬಟ್ಟೆಯ ನೂಲು ಹಿಡಿದು ನೋಡುವಾಗಿನ ಅದೇ ದನಿಯಲ್ಲಿ ಕೇಳಿದಳು. "ಇಲ್ಲಿ ಕೂತು ಅಷ್ಟೊಂದು ಸಾಲು ಓದ್ತಿದ್ದೆಯಲ್ಲ. ಅದರಲ್ಲಿ ಯಾವುದನ್ನ ಇಟ್ಕೊಳ್ಳೋದು, ಯಾವುದನ್ನ ಬಿಡೋದು, ಹೇಗೆ ಗೊತ್ತಾಗ್ತಿತ್ತು ನಿನಗೆ?"

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಅವಳ ಬಲಗೈ ಚಕ್ರದ ಮೇಲೆಯೇ ಇತ್ತು. ಅದನ್ನು ನೋಡಿ ನಿಜವೇ ಬಂತು.

"ನಿನ್ನ ಕೈ ನೋಡ್ತಿದ್ದೆ. ಯಾವುದಕ್ಕೆ ಚಕ್ರ ನಿಲ್ಲುತ್ತೋ ಅದನ್ನ ಇಟ್ಕೋತಿದ್ದೆ."

ಅಮ್ಮ ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ಅದನ್ನು ಚಕ್ರದ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು, ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಬೈದಿದ್ದರೆ, ಎರಡು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಪ್ಪನ ಹೆಸರೆತ್ತಿದ್ದರೂ ಆಗುತ್ತಿತ್ತು. ಅವಳು ಹೇಳಿದ್ದು ಇಷ್ಟೇ. "ನಾನು ಹೂಂ ಅಂದಿದ್ದಕ್ಕೆ ಅವರು ಒತ್ತಿದ್ದು. ನಡಿ, ಮೇಲೆ ಹೋಗೋಣ."

ಮೆಟ್ಟಿಲಲ್ಲಿ ಅವಳು ಮುಂದೆ, ನಾನು ಹಿಂದೆ. ಟೀಚರ್ ಬಾಗಿಲು ತೆರೆದರು. ಅತ್ತು ಮುಗಿಸಿದ ಮುಖ. ಹಿಂದಿನ ಕುರ್ಚಿಯ ಬೆನ್ನಿಗೆ ಆ ಉದ್ದ ಕೋಟು, ಹೊಸ ಜಿಪ್ಪಿನದು, ಒಮ್ಮೆಯೂ ತೊಡದ ಹಾಗೆಯೇ ನೇತಾಡುತ್ತಿತ್ತು. ಅಮ್ಮ ಒಳಗೆ ಹೋಗಲಿಲ್ಲ, ಹೊಸ್ತಿಲಾಚೆಯೇ ನಿಂತಳು. ನಾನು ಎರಡು ಮೆಟ್ಟಿಲು ಕೆಳಗೆ ನಿಂತೆ.

"ಟೀಚರ್, ಅದು ನನ್ನ ತಪ್ಪು" ಎಂದಳು. "ಆ ಮಾತು ಬರೆಸಿದ್ದು ನಾನು. ಅವನು ಸುಮ್ನೆ ಓದಿ ಹೇಳ್ದ, ನಾನೇ ಇದನ್ನ ಹಾಕು ಅಂದೆ. ಅವನಿಗೆ ಗೊತ್ತಿರ್ಲಿಲ್ಲ."

ಬಾಯಲ್ಲಿ ಒಂದೂ ಸೂಜಿಯಿರಲಿಲ್ಲ, ಮಾತು ಸ್ಪಷ್ಟವಾಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಆ ಬೀದಿಯಲ್ಲಿ ಅಮ್ಮ ಹೇಳಿದ ಮೊದಲ ಸುಳ್ಳು ಅದು, ನನಗೆ ಗೊತ್ತಿರುವ ಮಟ್ಟಿಗೆ.

ನಾನು ಮೆಟ್ಟಿಲಿನ ಮೂಲೆಯಲ್ಲಿ ಸುಣ್ಣ ಎದ್ದಿದ್ದನ್ನು ನೋಡುತ್ತಾ ನಿಂತಿದ್ದೆ. ಒಂದು ಮಾತು ಸಾಕಿತ್ತು. ಮಾತು ಮಾರಿ ಹೊಟ್ಟೆ ಹೊರೆಯುವವನು ನಾನು. ಒಂದೂ ಹೊರಡಲಿಲ್ಲ. ಟೀಚರ್ "ಇರ್ಲಿ ಬಿಡಿ, ನೀವೇನು ಮಾಡ್ತೀರಿ" ಎಂದು ಬಾಗಿಲು ಮುಂದೆ ಮಾಡಿದರು. ನಾವು ಇಳಿದು ಬಂದೆವು.

ಮರುದಿನ ಮ್ಯಾನೇಜರ್ ಬಳಿ ಹೋಗಿ ಆ ಸಾಲು ತೆಗೆಯೋಣ ಸರ್ ಎಂದೆ. ನನಗೆ ಜ್ವರ ಬಂದಿದೆಯೋ ಎಂಬಂತೆ ನೋಡಿದರು. "ಗೆಲ್ಲೋ ಸಾಲನ್ನ ಯಾರಾದ್ರೂ ತೆಗೀತಾರಾ?" ಎಂದರು. ಆ ಕ್ಷಣವೇ ಕೆಲಸ ಬಿಟ್ಟೆ ಎಂದು ಬರೆಯಲು ಕೈ ತುರಿಸುತ್ತಿದೆ. ಬಿಡಲಿಲ್ಲ. ಬ್ಯಾಗು, ಸೀಟು, ಊಟದ ಪುಟಗಳಿಗೆ ನನ್ನನ್ನು ಹಾಕಿ ಎಂದು ಕೇಳಿಕೊಂಡೆ, ಹಾಕಿದರು. ಸಾಲು ಇವತ್ತಿಗೂ ಅಲ್ಲೇ ಇದೆ. ನೀವೂ ಒತ್ತಿರಬಹುದು.

ವಿಷಯ ಹೇಗೋ ಬೀದಿಗೆಲ್ಲ ಗೊತ್ತಾಯಿತು, ಆದರೂ ಯಾರೂ ಅಮ್ಮನನ್ನು ಏನೂ ಅನ್ನಲಿಲ್ಲ. ಹಾಗೆ ಅಂದಿದ್ದರೆ ಉತ್ತರ ಕೊಡಬಹುದಿತ್ತು. ಪ್ಯಾಂಟು ತರುತ್ತಾರೆ, ಕೋಟು ತರುತ್ತಾರೆ, ಹೊಲಿಸಿಕೊಂಡು ಹೋಗುತ್ತಾರೆ. ಡಾಕ್ಟರ ವಿಷಯ, ನಲ್ಲಿಯವನ ವಿಷಯ ಕೇಳುವುದನ್ನು ಬಿಟ್ಟಿದ್ದಾರೆ. ಕೇಳಿದ ಒಬ್ಬಿಬ್ಬರಿಗೆ ಅಮ್ಮನೇ, "ನನಗೇನು ಗೊತ್ತಾಗುತ್ತೆ, ಬೇರೆ ಯಾರನ್ನಾದ್ರೂ ಕೇಳಿ" ಎಂದು ಕಳಿಸಿಬಿಟ್ಟಳು.

ಅದನ್ನು ಕೇಳಿದ ದಿನ ನನಗೆ ಕೂರಲಾಗಲಿಲ್ಲ. ಅಮ್ಮ ದಾರ ತರಲು ಹೋದದ್ದನ್ನು ನೋಡಿಕೊಂಡು ಮೇಲೆ ಹೋದೆ. ಟೀಚರ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂತಿದ್ದರು.

"ಟೀಚರ್, ಅದನ್ನ ಬರೆದಿದ್ದು ನಾನೇ. ಅಮ್ಮ ಏನೂ ಹಾಕು ಅನ್ಲಿಲ್ಲ. ಅವಳಿಗೆ ಗೊತ್ತೇ ಇರ್ಲಿಲ್ಲ. ಅವಳಿಗೆ ಭಯ ಆಗೋ ಹಾಗೆ ಬರೆದೆ, ನಿಮಗೂ ಆಗ್ಲಿ ಅಂತ."

"ಗೊತ್ತು ಕಣೋ" ಎಂದರು. "ಯಾರ ಮನೆಪಾಠ ಯಾರು ಬರೆದಿದ್ದು ಅಂತ ಮೂವತ್ತು ವರ್ಷ ನೋಡಿದ್ದೀನಿ. ನಿಮ್ಮಮ್ಮ ಅಳತೆ ಪುಸ್ತಕ ಬಿಟ್ಟು ಬೇರೆ ಏನಾದ್ರೂ ಬರೆದೋರಾ?" ಉಸಿರು ಸಾಲದೆ ನಿಂತು, ಪಂಪು ತೆಗೆದು ಎಳೆದುಕೊಂಡು, ಆಮೇಲೆ ಮುಂದುವರಿಸಿದರು. "ಟಿಕೆಟ್ ವಿಷಯ ಬಿಡು. ಅಕ್ಕನೂ ಹೋದ್ಳು. ಆದ್ರೆ ಅವತ್ತು ನೀನು ಕೆಳಗೆ ನೋಡ್ತಾ ನಿಂತಿದ್ದೆ, ನಿನಗೆ ಕಾಣಲಿಲ್ಲ. ಅಷ್ಟು ಹೇಳಿದ ಮೇಲೆ ನಿಮ್ಮಮ್ಮ ನಿನ್ನ ಕಡೆ ತಿರುಗಿ ನೋಡಿದ್ರು. ನೀನು ಏನಾದ್ರೂ ಹೇಳ್ತೀಯೇನೋ ಅಂತ ನಾನೂ ಕಾದೆ. ಇನ್ನೊಂದು ಸಲ ತಿರುಗಿ ನೋಡಿದ್ರು. ಆಮೇಲೇ ನಾನು ಬಾಗಿಲು ಹಾಕ್ಕೊಂಡಿದ್ದು."

ಕೆಳಗೆ ಬಂದೆ. ಅಮ್ಮ ಆಗಲೇ ಬಂದು ಮಿಷನ್ ಮುಂದೆ ಕೂತಿದ್ದಳು. ನಾನು ಸ್ಟೂಲು ಹಾಕಿಕೊಂಡು ಬಾಗಿಲ ಬಳಿ ಕೂತೆ, ಎಷ್ಟೋ ದಿನದ ಮೇಲೆ.

"ಅಮ್ಮ, ಟೀಚರಿಗೆ ಎಲ್ಲಾ ಹೇಳಿ ಬಂದೆ. ನಾನೇ ಬರೆದಿದ್ದು ಅಂತ."

ಅವಳು ತಲೆಯೆತ್ತಲಿಲ್ಲ. ಸೂಜಿಗಳ ಸಂದಿಯಿಂದ "ಹೂಂ" ಎಂದಳು. ಕಾಲು ತುಳಿಯುತ್ತಲೇ ಇತ್ತು, ಬಟ್ಟೆ ಸರಿಯುತ್ತಲೇ ಇತ್ತು. ನಾನು ಅವಳ ಬಲಗೈಯನ್ನೇ ನೋಡುತ್ತಾ ಕೂತೆ. ಚಕ್ರ ನಿಲ್ಲಲಿಲ್ಲ.